ಚಳಿಯಿಲ್ಲದ ಊರಿನಲ್ಲಿ ಮರವನ್ನು ಮಲಗಿಸುವುದು

ಡಿಸೆಂಬರ್ ಕೊನೆಯಲ್ಲಿ ನಾಗಪುರದಿಂದ ಕಾಟೋಲ್ ಕಡೆಗೆ ಹೋಗುವ ದಾರಿಯ ಕಿತ್ತಳೆ ತೋಟಗಳನ್ನು ಮೊದಲ ಸಲ ನೋಡುವವರಿಗೆ ಅಯ್ಯೋ ಅನ್ನಿಸುತ್ತದೆ. ಎಲೆಗಳು ದೋಣಿಯ ಹಾಗೆ ಮಡಚಿಕೊಂಡಿರುತ್ತವೆ. ಹಸಿರು ಮಾಸಿರುತ್ತದೆ. ಬುಡದಲ್ಲಿ ಉದುರಿದ ಎಲೆ, ಅದರಡಿ ಬಿರುಕು ಬಿಟ್ಟ ಕಪ್ಪು ಮಣ್ಣು. ಬರ ಬಿದ್ದಿದೆ, ಪಂಪು ಕೆಟ್ಟಿದೆ, ಇಲ್ಲವೇ ತೋಟದವರು ಊರು ಬಿಟ್ಟಿದ್ದಾರೆ ಎಂದು ಊಹಿಸಿಕೊಂಡು ಮುಂದೆ ಹೋಗುತ್ತೇವೆ. ಮೂರೂ ಸುಳ್ಳು. ಬಾವಿಯಲ್ಲಿ ನೀರಿದೆ, ಪಂಪು ಚೆನ್ನಾಗಿದೆ, ರೈತ ಅಲ್ಲೇ ಬದುವಿನ ಮೇಲೆ ನಿಂತಿದ್ದಾನೆ. ನೀರು ನಿಲ್ಲಿಸಿದವನು ಅವನೇ. ವಿದರ್ಭದ ಮರಾಠಿಯಲ್ಲಿ ಇದಕ್ಕೆ 'ತಾಣ' ಕೊಡುವುದು ಎನ್ನುತ್ತಾರೆ. ನಮ್ಮ 'ತಾಣ' ಎಂದರೆ ಜಾಗ. ಅವರ 'ತಾಣ' ಎಂದರೆ ಬಿಗಿತ, ಎಳೆತ. ಮರವನ್ನು ಬಾಯಾರಿಕೆಯಿಂದ ಬಿಗಿಹಿಡಿದು ನಿಲ್ಲಿಸುವ ಈ ಕೆಲಸ ನಡೆಯದಿದ್ದರೆ ಸಂಕ್ರಾಂತಿ ಕಳೆದ ಮೇಲೆ ಆ ಮರ ಮೈತುಂಬ ಹೂ ಬಿಡುವುದಿಲ್ಲ.

ಅದೇ ತಿಂಗಳು ನಾಗಪುರದ ಯಾವುದಾದರೂ ತಾರಸಿಯ ಮೇಲೆ ಬೋನ್ಸಾಯ್ ಬೆಳೆಸುವವರು ಇದ್ದರೆ ಅವರ ಕೈಯಲ್ಲಿರುವ ಪುಸ್ತಕ ಬೇರೆಯೇ ಮಾತು ಹೇಳುತ್ತಿರುತ್ತದೆ. ಎಲೆ ಉದುರಿಸುವ ಮರಗಳು ಈಗ ನಿದ್ದೆಗೆ ಹೋಗಿವೆ. ಹಿಮಗಾಳಿಯಿಂದ ಕುಂಡವನ್ನು ಕಾಪಾಡಿ. ಕೊಂಬೆಗಳ ಆಕಾರ ಬರಿಗಣ್ಣಿಗೆ ಕಾಣುವ ಕಾಲ ಇದು, ಕತ್ತರಿ ಹಿಡಿಯಿರಿ. ಪುಸ್ತಕದಲ್ಲಿ ತಪ್ಪೇನಿಲ್ಲ, ಆದರೆ ಅದು ನಾಗಪುರಕ್ಕೆ ಬರೆದದ್ದಲ್ಲ. ತಾರಸಿಯ ಮೇಲೆ ಮಧ್ಯಾಹ್ನ 28 ಡಿಗ್ರಿ ಬಿಸಿಲು. ಮೇಪಲ್ ಗಿಡದ ಎಲೆಗಳು ಅಂಚು ಸುಟ್ಟುಕೊಂಡು, ಉದುರಲೂ ಆಗದೆ ಉಳಿಯಲೂ ಆಗದೆ ನೇತಾಡುತ್ತಿರುತ್ತವೆ.

ಈ ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂಬುದು ಈ ಲೇಖನದ ಉದ್ದೇಶ. ತಾರಸಿಯವರು ಜಪಾನಿನ ಪುಸ್ತಕದಲ್ಲಿ ಹುಡುಕುತ್ತಿರುವ ಉತ್ತರದ ದೊಡ್ಡ ಭಾಗ ಇಪ್ಪತ್ತು ಮೂವತ್ತು ಮೈಲಿ ದೂರದ ಕಿತ್ತಳೆ ತೋಟದಲ್ಲಿ ಎರಡು ಶತಮಾನದಿಂದ ಬಿದ್ದುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ.

ಮೊದಲು ಜಪಾನಿನ ಚಳಿಗಾಲವನ್ನು ಅರ್ಥ ಮಾಡಿಕೊಳ್ಳೋಣ. ಕುಂಡದಲ್ಲಿ ಮರವನ್ನು ಸಣ್ಣದಾಗಿ ಬೆಳೆಸುವ ಕಲೆ ಚೀನಾದಲ್ಲಿ ಹುಟ್ಟಿದ್ದು. ಕ್ರಿ.ಶ. 706ರಲ್ಲಿ ಕಟ್ಟಿದ ತಾಂಗ್ ರಾಜಕುಮಾರ ಲೀ ಶಿಯೆನ್‌ನ ಸಮಾಧಿಯ ಗೋಡೆಚಿತ್ರದಲ್ಲಿ ಸೇವಕರು ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆಯನ್ನು ಹೊತ್ತು ನಿಂತಿದ್ದಾರೆ. ಅಲ್ಲಿಂದ ಅದು ಬೌದ್ಧ ಸನ್ಯಾಸಿಗಳ ಜೊತೆ ಜಪಾನಿಗೆ ಹೋಗಿ, ನಿಧಾನವಾಗಿ ಅಲ್ಲಿಯದೇ ಆಯಿತು. 1923ರ ಕಾಂಟೋ ಭೂಕಂಪದಲ್ಲಿ ಟೋಕಿಯೋ ಸುಟ್ಟು ಹಾಳಾದ ಮೇಲೆ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು, ಗಾಳಿ ಹುಡುಕಿಕೊಂಡು ಉತ್ತರಕ್ಕೆ ಹೋಗಿ 1925ರಲ್ಲಿ ಓಮಿಯಾದಲ್ಲಿ ಒಂದು ಊರನ್ನೇ ಕಟ್ಟಿಕೊಂಡರು. 1934ರಲ್ಲಿ ಟೋಕಿಯೋದ ಉಯೆನೋದಲ್ಲಿ ಕೊಕುಫು ಎಂಬ ಪ್ರದರ್ಶನ ಶುರುವಾಯಿತು. ಬೋನ್ಸಾಯ್ ಲೋಕದಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅದು ನಡೆಯುವುದು ಫೆಬ್ರುವರಿಯಲ್ಲಿ. ಮೇಪಲ್, ಜೆಲ್ಕೋವಾ ಮರಗಳನ್ನು ಅಲ್ಲಿ ಒಂದೂ ಎಲೆಯಿಲ್ಲದೆ ಇಡುತ್ತಾರೆ. ನಮ್ಮಲ್ಲಿ ಯಾರಾದರೂ ಬೋಳು ಗಿಡವನ್ನು ಫಲಪುಷ್ಪ ಪ್ರದರ್ಶನಕ್ಕೆ ತಂದರೆ ಒಣಗಿದ್ದನ್ನು ಯಾಕೆ ತಂದಿರಿ ಎಂದು ಕೇಳಿಯಾರು. ಅಲ್ಲಿ ಅದೇ ಪರೀಕ್ಷೆ. ಎಲೆ ಇದ್ದಾಗ ಮುಚ್ಚಿಹೋಗುವ ಎಲ್ಲವೂ ಆಗ ಕಾಣುತ್ತದೆ: ಕೊಂಬೆಯಿಂದ ರೆಂಬೆ, ರೆಂಬೆಯಿಂದ ಕಡ್ಡಿ ಹೇಗೆ ಸಣ್ಣದಾಗುತ್ತಾ ಹೋಗಿದೆ, ಹತ್ತು ವರ್ಷದ ಹಿಂದೆ ಯಾರೋ ಅವಸರದಲ್ಲಿ ಕತ್ತರಿಸಿದ ಗಾಯ ಮುಚ್ಚಿಕೊಂಡಿದೆಯೋ ಇಲ್ಲವೋ.

ಆದ್ದರಿಂದಲೇ ಅವರ ವರ್ಷದ ಮುಖ್ಯ ಕತ್ತರಿ ಕೆಲಸ ಎಲೆ ಉದುರಿದ ಮೇಲೆ ನಡೆಯುತ್ತದೆ. ಒಂದರ ಮೇಲೊಂದು ಹಾದುಹೋದ ಕೊಂಬೆ, ಒಂದೇ ಗೆಣ್ಣಿನಿಂದ ಮೂರು ನಾಲ್ಕಾಗಿ ಹೊರಟ ಕಡ್ಡಿಗಳು, ನೇರ ಮೇಲಕ್ಕೆ ನುಗ್ಗಿದ ಚಿಗುರು, ಇವನ್ನೆಲ್ಲ ತೆಗೆಯುತ್ತಾರೆ. ದೊಡ್ಡ ಗಾಯವನ್ನು ಸ್ವಲ್ಪ ಗುಳಿಯಾಗುವಂತೆ ಕತ್ತರಿಸಿ ಮುಲಾಮು ಹಚ್ಚುತ್ತಾರೆ; ಗುಳಿ ಇದ್ದರೆ ತೊಗಟೆ ಸುತ್ತಲಿಂದ ಬೆಳೆದು ಬಂದು ಉಬ್ಬಿಲ್ಲದೆ ಮುಚ್ಚುತ್ತದೆ. ಮೇಪಲ್ ಮರವನ್ನು ಚಳಿ ಮುಗಿಯುವ ಹೊತ್ತಿಗೆ ಕತ್ತರಿಸಿದರೆ ರಸ ಸೋರುತ್ತಲೇ ಇರುತ್ತದೆ, ಹಾಗಾಗಿ ಅದಕ್ಕೆ ಮುಂಚೆಯೇ ಮುಗಿಸುತ್ತಾರೆ. ಗೊಬ್ಬರ ಇಲ್ಲ. ನೀರು ಕಡಿಮೆ, ಆದರೆ ಮಣ್ಣು ಪೂರ್ತಿ ಒಣಗಬಾರದು. ಕುಂಡದಲ್ಲಿರುವ ಬೇರಿಗೆ ನೆಲದ ಬೆಚ್ಚನೆ ಸಿಗುವುದಿಲ್ಲವಾದ್ದರಿಂದ ಗಟ್ಟಿ ಹಿಮದ ರಾತ್ರಿಗಳಲ್ಲಿ ಚಪ್ಪರದ ಒಳಗೆ ಇಡುತ್ತಾರೆ. ಮೊಗ್ಗು ಉಬ್ಬತೊಡಗಿದ ಕೂಡಲೇ ಕುಂಡದಿಂದ ಎತ್ತಿ ಬೇರು ಕತ್ತರಿಸಿ ಹೊಸ ಮಣ್ಣಿಗೆ ಹಾಕುತ್ತಾರೆ. ಬೇರು ಕತ್ತರಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ನೀರು ಕೇಳುವ ಎಲೆ ಮೇಲೆ ಇಲ್ಲ. ಕೊಂಬೆ ಕಾಂಡಗಳಲ್ಲಿ ಬೇಸಿಗೆಯಿಡೀ ಕೂಡಿಟ್ಟ ಪಿಷ್ಟ ಹೊಸ ಬೇರು ಹುಟ್ಟಿಸಲು ಸಾಕಷ್ಟಿದೆ.

ಇಷ್ಟೆಲ್ಲಕ್ಕೂ ಚಳಿ ಏಕೆ ಬೇಕು? ಚಳಿಯನ್ನು ಮರ ಸಹಿಸಿಕೊಳ್ಳುತ್ತದೆ ಎಂದೇ ಬಹುಕಾಲ ಜನ ತಿಳಿದಿದ್ದರು. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೊವಿಲ್ 1920ರಲ್ಲಿ ಪ್ರಕಟಿಸಿದ ಪ್ರಯೋಗಗಳು ಅದನ್ನು ತಲೆಕೆಳಗು ಮಾಡಿದವು. ಚಳಿಗಾಲವಿಡೀ ಬೆಚ್ಚಗಿನ ಗಾಜಿನ ಮನೆಯಲ್ಲಿ ಇಟ್ಟ ಬ್ಲೂಬೆರಿ ಗಿಡ ವಸಂತ ಬಂದರೂ ಸರಿಯಾಗಿ ಚಿಗುರಲಿಲ್ಲ. ಅಂಥ ಗಿಡದ ಒಂದು ಕೊಂಬೆಯನ್ನು ಮಾತ್ರ ಹೊರಗಿನ ಚಳಿಗೆ ಚಾಚಿಸಿದಾಗ ಆ ಕೊಂಬೆ ಎಲೆ ಬಿಟ್ಟಿತು, ಒಳಗೆ ಸುಖವಾಗಿದ್ದವು ಸುಮ್ಮನೆ ಇದ್ದವು. ಮೊಗ್ಗನ್ನು ಮಲಗಿಸುವುದಕ್ಕೆ ದಿನ ಚಿಕ್ಕದಾಗುವುದೇ ಮುಂತಾದ ಸೂಚನೆಗಳು ಸಾಕು. ಆದರೆ ಎಬ್ಬಿಸುವುದಕ್ಕೆ ಚಳಿ ಬೇಕು ಎಂದಾಯಿತು. ಸೇಬು, ಪೀಚ್, ಮೇಪಲ್ ಇವೆಲ್ಲ ಇಷ್ಟು ಗಂಟೆ ಚಳಿ ಕಂಡೆ ಎಂದು ಲೆಕ್ಕ ಇಟ್ಟುಕೊಳ್ಳುತ್ತವೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಹಲವು ನೂರು ಗಂಟೆ ಕಳೆಯದೆ ಕಣ್ಣು ಬಿಡುವುದಿಲ್ಲ.

ನಾಗಪುರದಲ್ಲಿ ಆ ಗಂಟೆಗಳು ಎಲ್ಲಿಂದ ಬರಬೇಕು? 2018ರ ಡಿಸೆಂಬರ್ 29ರಂದು ಅಲ್ಲಿ 3.5 ಡಿಗ್ರಿ ದಾಖಲಾಗಿ ಇಡೀ ಊರು ಮಾತಾಡಿಕೊಂಡಿತು. ಆದರೆ ಅಂಥದ್ದು ಸುದ್ದಿಯಾಗುವುದೇ ಅಪರೂಪ ಎಂಬ ಕಾರಣಕ್ಕೆ. ಸಾಮಾನ್ಯ ಜನವರಿಯಲ್ಲಿ ರಾತ್ರಿ 12–13 ಡಿಗ್ರಿ, ಬೆಳಿಗ್ಗೆ ಹತ್ತಕ್ಕೆಲ್ಲ ಸ್ವೆಟರ್ ತೆಗೆಯುವ ಬಿಸಿಲು. ಮೇ ತಿಂಗಳಲ್ಲಿ 45 ದಾಟುತ್ತದೆ. ಮೇಪಲ್‌ಗೆ ಈ ಊರಿನಲ್ಲಿ ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಮೂರು ನಾಲ್ಕು ವರ್ಷ ತಳ್ಳಿಕೊಂಡು ಬಂದು ಒಂದು ಬೇಸಿಗೆಯಲ್ಲಿ ಹೋಗಿಬಿಡುತ್ತದೆ.

ಹಾಗೆಂದು ನಾಗಪುರದ ಮರಗಳಿಗೆ ಎಲೆ ಉದುರಿಸುವುದು ಗೊತ್ತಿಲ್ಲವೆಂದಲ್ಲ. ಊರಿನ ಸುತ್ತ ಇರುವುದೇ ಎಲೆ ಉದುರಿಸುವ ಕಾಡು. ತೇಗ, ಬೂರುಗ, ಮುತ್ತುಗ, ಬಿಲ್ವ, ನೆಲ್ಲಿ ಎಲ್ಲವೂ ವರ್ಷಕ್ಕೊಮ್ಮೆ ಬೋಳಾಗುತ್ತವೆ. ಆದರೆ ಯಾವಾಗ? ಚಳಿ ಮುಗಿಯುತ್ತಾ ಬಂದು, ಮಣ್ಣಿನ ತೇವ ಆರುತ್ತಾ ಹೋಗುವ ಜನವರಿಯಿಂದ ಮಾರ್ಚ್, ಏಪ್ರಿಲ್‌ವರೆಗೆ. ಮುತ್ತುಗ ಬೋಳಾದ ಮೈಯಲ್ಲೇ ಕೆಂಡದಂಥ ಹೂ ಹೊತ್ತು ನಿಲ್ಲುತ್ತದೆ. ಅರಳಿ ಮರ ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆ ಕಳಚಿ, ಬಿಸಿಲು ಉರಿಯುತ್ತಿರುವಾಗಲೇ ತಾಮ್ರದ ಬಣ್ಣದ ಚಿಗುರು ಹೊರಡಿಸುತ್ತದೆ. ಇವು ತಪ್ಪಿಸಿಕೊಳ್ಳುತ್ತಿರುವುದು ಹಿಮದಿಂದ ಅಲ್ಲ, ಒಣಗಾಲದಿಂದ. ಜಪಾನಿನ ಮರಕ್ಕೆ ಚಳಿ ಏನೋ ದಖ್ಖನ್ನಿನ ಮರಕ್ಕೆ ಬಾಯಾರಿಕೆ ಅದು. ನಮ್ಮ ನಾಡಿನ ಮರಗಳ ಚಳಿಗಾಲ ಚಳಿಯಲ್ಲಿ ಇಲ್ಲ.

ಇದನ್ನು ಹಿಂದಿನವರು ಗಮನಿಸಿರಲಿಲ್ಲವೇ? ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯ ವೃಕ್ಷಾಯುರ್ವೇದ ಅಧ್ಯಾಯದಲ್ಲಿ ಗಿಡವನ್ನು ಕಿತ್ತು ನೆಡುವ ಕಾಲವನ್ನು ಮೂರಾಗಿ ಹಂಚುತ್ತಾನೆ: ಇನ್ನೂ ಕೊಂಬೆ ಒಡೆಯದವನ್ನು ಶಿಶಿರದಲ್ಲಿ, ಕೊಂಬೆ ಬಂದವನ್ನು ಹೇಮಂತದಲ್ಲಿ, ಕಾಂಡ ಬಲಿತವನ್ನು ಮಳೆ ಶುರುವಾಗುವಾಗ. ಅವನ ಊರು ಅವಂತಿ, ಈಗಿನ ಉಜ್ಜಯಿನಿಯ ಸೀಮೆ. ನಾಗಪುರಕ್ಕೂ ಅದಕ್ಕೂ ಅಕ್ಷಾಂಶದಲ್ಲಿ ಹೆಚ್ಚು ಅಂತರವಿಲ್ಲ. ದೊಡ್ಡ ಕಾಂಡದ ಮರ ಚಳಿಗಾಲದಲ್ಲಿ ಬೇರು ಕಳೆದುಕೊಂಡರೆ ಮುಂದಿನ ಬೇಸಿಗೆ ದಾಟಲಾರದು, ಅದು ಮಳೆಗೇ ಕಾಯಬೇಕು ಎಂಬ ಅನುಭವ ಈ ಹಂಚಿಕೆಯ ಹಿಂದೆ ಇದೆ ಎಂದು ನಾನು ಓದಿಕೊಳ್ಳುತ್ತೇನೆ. ಕನ್ನಡದಲ್ಲೂ ಈ ವಿದ್ಯೆ ಬಂದಿತ್ತು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಎಂಬ ಕವಿ (ಶ್ರವಣಬೆಳಗೊಳದವನಲ್ಲ, ಇವನು ಬೇರೆ) ಬರೆದ ಲೋಕೋಪಕಾರದಲ್ಲಿ ಅಡುಗೆ, ವಾಸ್ತು, ನೀರು ಹುಡುಕುವ ವಿದ್ಯೆಗಳ ಜೊತೆ ವೃಕ್ಷಾಯುರ್ವೇದಕ್ಕೂ ಜಾಗವಿದೆ.

ಇಲ್ಲಿ ಒಂದು ಮಾತು. ಬೋನ್ಸಾಯ್ ನಮ್ಮದೇ, ಋಷಿಗಳ 'ವಾಮನ ವೃಕ್ಷ' ಕಲೆಯೇ ಚೀನಾಕ್ಕೆ ಹೋಯಿತು ಎಂದು ನಮ್ಮ ಬೋನ್ಸಾಯ್ ಪ್ರದರ್ಶನಗಳಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಸುರಪಾಲನ ವೃಕ್ಷಾಯುರ್ವೇದದಂಥ ಗ್ರಂಥಗಳಲ್ಲಿ ಅಕಾಲದಲ್ಲಿ ಹೂ ಬಿಡಿಸುವ, ಮರದ ರೂಪ ಬದಲಿಸುವ ಚಮತ್ಕಾರಗಳ ಭಾಗ ಇರುವುದು ನಿಜ. ಆದರೆ ತಟ್ಟೆಯಲ್ಲಿ ಮರವನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದ ಪರಂಪರೆಗೆ ಅಂಥ ಒಂದು ಅಧ್ಯಾಯ ಸಾಕ್ಷಿಯಾಗುವುದಿಲ್ಲ. ನಮ್ಮವರು ನಿಜವಾಗಿ ಕಂಡುಕೊಂಡದ್ದನ್ನು ಬಿಟ್ಟು ಕಾಣದ್ದಕ್ಕೆ ಹಕ್ಕು ಹೂಡುವುದು ನನಗೆ ಸರಿಕಾಣುವುದಿಲ್ಲ. ನಿಜವಾಗಿ ಕಂಡುಕೊಂಡದ್ದು ಕಾಟೋಲ್ ರಸ್ತೆಯ ತೋಟದಲ್ಲಿದೆ.

ನಾಗಪುರದ ಹೆಸರು ಇತಿಹಾಸದಲ್ಲಿ ಮೊದಲು ಕಾಣಿಸಿಕೊಳ್ಳುವುದು ಕನ್ನಡನಾಡಿನ ಅರಸನೊಬ್ಬನ ಶಾಸನದಲ್ಲಿ. ಪಕ್ಕದ ವರ್ಧಾ ಜಿಲ್ಲೆಯ ದೇವಳಿಯಲ್ಲಿ ಸಿಕ್ಕ ತಾಮ್ರಪಟ ಮಾನ್ಯಖೇಟದ ರಾಷ್ಟ್ರಕೂಟ ಮೂರನೇ ಕೃಷ್ಣನದು, ಕ್ರಿ.ಶ. 940ರದು. ದಾನ ಕೊಟ್ಟ ಹಳ್ಳಿ 'ನಾಗಪುರ–ನಂದಿವರ್ಧನ' ವಿಷಯದಲ್ಲಿತ್ತು ಎಂದು ಅದರಲ್ಲಿದೆ. ಅಂದಿನ ಆ ನಾಡಿನಲ್ಲಿ ಕಿತ್ತಳೆ ಇರಲಿಲ್ಲ. ಕಿತ್ತಳೆಯನ್ನು ತಂದವರು ಭೋಂಸಲೆಗಳು ಎಂಬುದು ಪ್ರತೀತಿ: 18ನೇ ಶತಮಾನದ ಕೊನೆಗೆ ಎರಡನೇ ರಘೂಜಿ ಭೋಂಸಲೆ ಔರಂಗಾಬಾದಿನಿಂದ ಸಸಿ ತರಿಸಿ ಅರಮನೆ ತೋಟದಲ್ಲಿ ನೆಡಿಸಿದ, ಅಲ್ಲಿಂದ ಅದು ಹಳ್ಳಿಗಳಿಗೆ ಹರಡಿತು. ಭೋಂಸಲೆಗಳ ಮಹಾರಾಜ ಬಾಗ್ ಈಗಲೂ ನಗರದ ನಡುವೆ ಇದೆ. 1906ರಲ್ಲಿ ಶುರುವಾದ ಕೃಷಿ ಕಾಲೇಜಿನ ಜೊತೆ ಸೇರಿಕೊಂಡಿದೆ. ಹಣ್ಣನ್ನು ಅಲ್ಲಿ ಸಂತ್ರಾ ಎನ್ನುತ್ತಾರೆ, ನಮ್ಮ ಉತ್ತರ ಕರ್ನಾಟಕದಲ್ಲೂ ಹಾಗೆ ಹೇಳುವವರಿದ್ದಾರೆ. ಪೋರ್ಚುಗಲ್ಲಿನ ಸಿಂತ್ರಾ ಊರಿನಿಂದ ಈ ಹೆಸರು ಬಂತು ಎನ್ನುವುದುಂಟು. ಆದರೆ ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದುಸ್ತಾನದ ಹಣ್ಣುಗಳ ಪಟ್ಟಿ ಕೊಡುವಾಗಲೇ 'ಸಂಗತರಾ' ಎನ್ನುತ್ತಾನೆ. ಪೋರ್ಚುಗೀಸರು ಬಂದು ಆಗ ಸುಮಾರು ಮೂವತ್ತು ವರ್ಷವಷ್ಟೇ ಆಗಿತ್ತು. ಅಷ್ಟರಲ್ಲಿ ಅವರ ಊರಿನ ಹೆಸರು ಆಗ್ರಾದವರೆಗೆ ಹಣ್ಣಿಗೆ ಅಂಟಿಕೊಂಡಿತೆಂದರೆ ನಂಬುವುದು ಕಷ್ಟ.

ಕಿತ್ತಳೆ ನಿತ್ಯಹಸಿರು ಮರ. ಅದು ತಾನಾಗಿ ಬೋಳಾಗುವುದಿಲ್ಲ. ತಂಪು ನಾಡುಗಳಲ್ಲಿ ಚಳಿ ಬಂದಾಗ ಬೆಳೆಯುವುದನ್ನು ನಿಲ್ಲಿಸಿ, ವಸಂತದಲ್ಲಿ ಒಮ್ಮೆಗೆ ಹೂ ಬಿಡುತ್ತದೆ. ನಾಗಪುರದಲ್ಲಿ ಬಿಟ್ಟರೆ ವರ್ಷವಿಡೀ ಅಷ್ಟಿಷ್ಟು ಹೂ, ಅಷ್ಟಿಷ್ಟು ಕಾಯಿ. ವ್ಯಾಪಾರಿ ಅಂಥ ತೋಟದ ಕಡೆ ತಿರುಗಿ ನೋಡುವುದಿಲ್ಲ. ಹೂವಿನ ಸುಗ್ಗಿಗೆ ಅಲ್ಲಿ 'ಬಹಾರ್' ಎಂದು ಹೆಸರು, ಪಾರಸಿಯಲ್ಲಿ ವಸಂತ ಎಂದರ್ಥ. ಮಾವು ಹೂ ಬಿಡುವ ಹೊತ್ತಿಗೆ, ಜನವರಿ–ಫೆಬ್ರುವರಿಯಲ್ಲಿ ಬರುವುದು ಅಂಬಿಯಾ ಬಹಾರ್. ಜೂನ್ ಮೊದಲ ವಾರ ಮೃಗಶಿರಾ ಮಳೆ ಕೂಡುತ್ತದಲ್ಲ, ನಮ್ಮ ಬೆಳಗಾವಿ, ವಿಜಯಪುರದವರು 'ಮಿರಗ' ಎನ್ನುವುದು, ಅದರ ಜೊತೆ ಬರುವುದು ಮೃಗ ಬಹಾರ್. ಹಸ್ತಾ ಮಳೆಯ ಬೆನ್ನಿಗೆ ಬರುವ ಹಸ್ತ ಬಹಾರ್ ಮೂರನೆಯದು, ಅದು ಕಿತ್ತಳೆಗಿಂತ ದಾಳಿಂಬೆ, ಲಿಂಬೆ ಬೆಳೆಯುವವರ ಮಾತು. ಮೂರರಲ್ಲಿ ಯಾವುದು ಬೇಕೆಂದು ರೈತ ಆರಿಸಿಕೊಳ್ಳುತ್ತಾನೆ. ಆರಿಸಿಕೊಂಡ ವಸಂತಕ್ಕೆ ಮುಂಚೆ ಒಂದು ಚಳಿಗಾಲವನ್ನು ತಾನೇ ತಯಾರಿಸುತ್ತಾನೆ.

ಅಂಬಿಯಾಕ್ಕೆ ಡಿಸೆಂಬರಿನಲ್ಲಿ ನೀರು ಬಂದ್. ಹಗುರ ಮಣ್ಣಿನಲ್ಲಿ ಮೂರು ನಾಲ್ಕು ವಾರ ಸಾಕು, ಆಳವಾದ ಎರೆಮಣ್ಣಿನಲ್ಲಿ ಆರರಿಂದ ಎಂಟು ವಾರ ಬೇಕಾಗಬಹುದು. ಎರೆ ತೇವವನ್ನು ಜಿಪುಣನಂತೆ ಹಿಡಿದಿಟ್ಟುಕೊಳ್ಳುತ್ತದೆ. ಮಧ್ಯಾಹ್ನ ಮಡಚಿದ ಎಲೆ ಸಂಜೆಗೆ ಬಿಚ್ಚಿಕೊಳ್ಳುತ್ತಿದ್ದರೆ ಇನ್ನೂ ಕಾಯಬೇಕು. ಬೆಳಿಗ್ಗೆಯೂ ಮಡಚಿಯೇ ಇದ್ದು, ಕಾಲು ಭಾಗದಷ್ಟು ಎಲೆ ನೆಲಕ್ಕೆ ಬಿದ್ದಿದ್ದರೆ ಮರ ಸಿದ್ಧವಾಗಿದೆ. ಈ ಬಿಡುವಿನಲ್ಲೇ ಕತ್ತರಿ ಕೆಲಸ: ಒಣಗಿದ ಕಡ್ಡಿ, ರೋಗ ಹಿಡಿದ ರೆಂಬೆ, ಕಾಂಡದಿಂದ ನೇರ ಮೇಲೆದ್ದು ಹಣ್ಣು ಕೊಡದೆ ಸತ್ವ ಕುಡಿಯುವ ಚಿಗುರುಗಳನ್ನು ತೆಗೆದು, ಗಾಯಕ್ಕೆ ಬೋರ್ಡೋ ಮುಲಾಮು. ಅಡಿಕೆಯವರು ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣದ ಗಟ್ಟಿ ರೂಪ ಅದು. ಆಮೇಲೆ ಗೊಬ್ಬರ ಕೊಟ್ಟು, ಮೊದಲ ನೀರನ್ನು ಕೊಂಚವೇ ಬಿಡುತ್ತಾರೆ, ಎರಡನೆಯದನ್ನು ಸ್ವಲ್ಪ ಹೆಚ್ಚಿಗೆ. ಒಮ್ಮೆಲೇ ತುಂಬಿಸಿದರೆ ಹೂವಿನ ಬದಲು ಎಲೆಯೇ ನುಗ್ಗುವುದುಂಟು. ಎರಡು ಮೂರು ವಾರದಲ್ಲಿ ಇಡೀ ಸೀಮೆ ಕಿತ್ತಳೆ ಹೂವಿನ ವಾಸನೆಯಲ್ಲಿ ಮುಳುಗುತ್ತದೆ.

ಹಿಂದಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ಮರದ ಸುತ್ತ ಮೂರು ನಾಲ್ಕು ಅಂಗುಲ ಮಣ್ಣು ತೆಗೆದು ಬೇರನ್ನು ಬಿಸಿಲಿಗೆ ತೆರೆದು, ಎಳೆಬೇರುಗಳನ್ನು ಕತ್ತರಿಸಿ, ಕೆಲವು ದಿನ ಹಾಗೇ ಬಿಟ್ಟು, ಎಲೆ ಬಾಡಿದ ಮೇಲೆ ಗೊಬ್ಬರ ಬೆರೆಸಿದ ಮಣ್ಣಿನಿಂದ ಮುಚ್ಚುತ್ತಿದ್ದರು. ಓಮಿಯಾದ ಬೆಳೆಗಾರ ಮಾರ್ಚ್ ತಿಂಗಳಲ್ಲಿ ಮೇಪಲ್ ಮರವನ್ನು ಕುಂಡದಿಂದ ಎತ್ತಿ ಬೇರು ಸವರುವುದನ್ನೂ ಇದನ್ನೂ ಒಂದೇ ಸಲ ನೋಡಿದವರು ಯಾರಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಕೈ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ಉದ್ದೇಶ ಮಾತ್ರ ಬೇರೆ: ಅಲ್ಲಿ ಮರ ಸಣ್ಣ ಜಾಗದಲ್ಲಿ ಉಳಿಯಲಿ ಎಂದು ಬೇರನ್ನು ಹೊಸದು ಮಾಡುವುದು, ಇಲ್ಲಿ ಬೆದರಿಸಿ ಹೂ ಬಿಡಿಸುವುದು. ಬೆದರಿಕೆಗೆ ಬೆಲೆ ಇತ್ತು. ವರ್ಷ ವರ್ಷ ಬೇರು ಕಳೆದುಕೊಂಡ ಮರ ಸೊರಗುತ್ತದೆ, ಗಾಯದಿಂದ ಕೊಳೆರೋಗ ಒಳಗೆ ಹೋಗುತ್ತದೆ. ನಾಗಪುರದಲ್ಲಿ 1985ರಲ್ಲಿ ಶುರುವಾದ ರಾಷ್ಟ್ರೀಯ ಲಿಂಬೆವರ್ಗದ ಸಂಶೋಧನಾ ಕೇಂದ್ರ (ಈಗ ಅದು ಕೇಂದ್ರೀಯ ಸಂಸ್ಥೆ) ಇರುವ ಕಾಲದಲ್ಲಿ ಬೇರು ತೆರೆಯುವುದನ್ನು ಯಾರೂ ಶಿಫಾರಸು ಮಾಡುವುದಿಲ್ಲ. ನೀರು ನಿಲ್ಲಿಸುವುದಷ್ಟೇ ಉಳಿದಿದೆ.

ಬಾಯಾರಿಕೆ ಚಳಿಯ ಕೆಲಸ ಮಾಡುತ್ತದೆ ಎಂಬುದನ್ನು ವಿಜ್ಞಾನ ತಡವಾಗಿ ಒಪ್ಪಿಕೊಂಡಿತು. 1986ರಲ್ಲಿ ಫ್ಲೋರಿಡಾದ ಸೌತ್‌ವಿಕ್ ಮತ್ತು ಡೆವನ್‌ಪೋರ್ಟ್ ಲಿಂಬೆ ಗಿಡಗಳ ಮೇಲೆ ಪ್ರಯೋಗ ಮಾಡಿ, ಕಡಿಮೆ ಉಷ್ಣತೆಯಾಗಲಿ ನೀರಿನ ಕೊರತೆಯಾಗಲಿ ಎರಡೂ ಮೊಗ್ಗನ್ನು ಹೂವಿನ ದಾರಿಗೆ ತಿರುಗಿಸುತ್ತವೆ ಎಂದು ತೋರಿಸಿದರು. ಸಿಸಿಲಿಯ ಲಿಂಬೆ ಬೆಳೆಗಾರರಿಗೂ ಇದು ಹಳೆಯ ವಿಷಯ. ಅವರು ಬೇಸಿಗೆಯಲ್ಲಿ ನೀರು ನಿಲ್ಲಿಸಿ, ಮರ ಬಾಡಿದ ಮೇಲೆ ನೀರುಣಿಸಿ, ಮುಂದಿನ ಬೇಸಿಗೆಗೆ 'ವೆರ್ದೆಲ್ಲಿ' ಎಂಬ ಹಸಿರು ಲಿಂಬೆಯ ಬೆಳೆ ತೆಗೆಯುತ್ತಾರೆ.

ಬಾಯಾರಿಕೆ ಸಾಲದಿದ್ದಲ್ಲಿ ಕೈ. ಡಚ್ಚರು ಜಾವಾದ ಬಾತು ಎಂಬ ಬೆಟ್ಟದೂರಿಗೆ ಒಯ್ದ ಸೇಬಿನ ಮರಗಳಿಗೆ ಅಲ್ಲಿ ಬೇಕಾದಷ್ಟು ಚಳಿ ಇಲ್ಲ. ಕೊಯ್ಲಾದ ಕೆಲ ವಾರಕ್ಕೆ ಆಳುಗಳು ಮರ ಮರಕ್ಕೆ ಹೋಗಿ ಒಂದೊಂದೇ ಎಲೆ ಕಿತ್ತು ಬೋಳು ಮಾಡುತ್ತಾರೆ. ಮರ ಗಾಢ ನಿದ್ದೆಗೆ ಜಾರುವ ಮೊದಲೇ ಎಲೆ ಹೋದದ್ದರಿಂದ ಮತ್ತೆ ಚಿಗುರಿ ಹೂ ಬಿಡುತ್ತದೆ, ವರ್ಷಕ್ಕೆ ಎರಡು ಬೆಳೆ. ನಮ್ಮ ವಿಜಯಪುರದ ದ್ರಾಕ್ಷಿಯವರ ಎರಡು ಚಾಟ್ನಿಯೂ ಇದೇ ಜಾತಿಯದು. ಯುರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗೆ ಎಲೆ ಉದುರಿಸಿದಾಗ ವರ್ಷಕ್ಕೊಮ್ಮೆ ಕತ್ತರಿಸುತ್ತಾರೆ. ಇಲ್ಲಿ ಚಳಿ ಬಂದು ಬಳ್ಳಿಯನ್ನು ನಿಲ್ಲಿಸುವುದಿಲ್ಲ. ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು ಒಮ್ಮೆ, ಅಕ್ಟೋಬರಿನಲ್ಲಿ ಹಣ್ಣಿಗೆ ಒಮ್ಮೆ ಕತ್ತರಿಯೇ ಬರಬೇಕು. ಬಾಗಲಕೋಟೆ, ಕೊಪ್ಪಳದ ದಾಳಿಂಬೆಯವರು ನೀರು ನಿಲ್ಲಿಸಿ, ಕೊಂಬೆ ಸವರಿ, ಎಥ್ರೆಲ್ ಸಿಂಪಡಿಸಿ ಎಲೆ ಉದುರಿಸುತ್ತಾರೆ. ಬಹಾರ್ ಎಂಬ ಮಾತು ಅವರ ಬಾಯಲ್ಲೂ ಇದೆ. ಇನ್ನು ಜಪಾನಿನ ಬೋನ್ಸಾಯ್ ಬೆಳೆಗಾರರು ಜೂನ್ ಸುಮಾರಿಗೆ ಆರೋಗ್ಯವಾಗಿರುವ ಮೇಪಲ್‌ನ ಎಲೆಗಳನ್ನೆಲ್ಲ ಕತ್ತರಿಸುವುದುಂಟು, 'ಹಾಗರಿ' ಎನ್ನುತ್ತಾರೆ. ಮರ ಇನ್ನೊಂದು ವರ್ಷ ಬಂತೆಂದು ತಿಳಿದು ಎರಡನೇ ಸಲ ಚಿಗುರುತ್ತದೆ. ಆ ಎಲೆ ಸಣ್ಣದು, ಕಡ್ಡಿಯೂ ಸಣ್ಣದು.

ನಾಗಪುರದ ಜಾಣತನವನ್ನು ಹೊಗಳಿ ಇಲ್ಲಿಗೇ ನಿಲ್ಲಿಸುವಂತಿಲ್ಲ. ನೀರನ್ನು ತಡೆಹಿಡಿಯುವ ವಿದ್ಯೆ ಕೆಲಸ ಮಾಡುವುದು ನೀರು ನಿಮ್ಮ ಕೈಯಲ್ಲಿರುವ ತನಕ ಮಾತ್ರ. ಜನವರಿಯಲ್ಲಿ ಅಕಾಲದ ಒಂದು ಮಳೆ ಬಿದ್ದರೆ ಆರು ವಾರದ ತಾಣ ಒಂದೇ ರಾತ್ರಿಯಲ್ಲಿ ಮುರಿಯುತ್ತದೆ. ಮರ ಅರೆನಿದ್ದೆಯಲ್ಲಿ ಎದ್ದು ಎಲೆ ಬಿಡುತ್ತದೆ, ಆ ವರ್ಷದ ಅಂಬಿಯಾ ಹೋದಂತೆಯೇ. ಕ್ಲೋರ್‌ಮೆಕ್ವಾಟ್‌ನಂಥ ಬೆಳವಣಿಗೆ ತಡೆಯುವ ಔಷಧಿ ಹೊಡೆದು ಚಿಗುರನ್ನು ಹಿಡಿದು ನಿಲ್ಲಿಸಲು ನೋಡುತ್ತಾರೆ. ಅದು ಖರ್ಚಿನ ಮೇಲೆ ಖರ್ಚು. ಹೂ ನಿಂತ ಮೇಲೂ ನಿಶ್ಚಿಂತೆಯಿಲ್ಲ. 2014ರ ಫೆಬ್ರುವರಿ ಕೊನೆ, ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಉದ್ದಗಲಕ್ಕೆ ಬಿದ್ದ ಆಲಿಕಲ್ಲು ಎಷ್ಟೋ ತೋಟಗಳ ಕಾಯಿ, ಕೊಂಬೆಗಳನ್ನು ಬಡಿದು ಹಾಕಿತು. ಇನ್ನೊಂದು ಕಡೆ, ಅಂಬಿಯಾ ಕಾಯಿ ಬಲಿಯಬೇಕಾದದ್ದು ನಾಗಪುರದ ಬೇಸಿಗೆಯಲ್ಲಿ. ಡಿಸೆಂಬರಿನಲ್ಲಿ ಉಳಿಸಿದ ನೀರಿಗಿಂತ ಎಷ್ಟೋ ಹೆಚ್ಚನ್ನು ಮರ ಏಪ್ರಿಲ್, ಮೇಯಲ್ಲಿ ಕೇಳುತ್ತದೆ. ಕಪಿಲೆ ಬಾವಿಯ ಕಾಲದಲ್ಲಿ ಎತ್ತುಗಳ ಶಕ್ತಿಯೇ ತೋಟದ ಎಲ್ಲೆಯಾಗಿತ್ತು. ಕೊಳವೆಬಾವಿ ಬಂದ ಮೇಲೆ ಎಲ್ಲೆ ಹೋಯಿತು. ಅಮರಾವತಿ ಜಿಲ್ಲೆಯ ವರೂಡ್, ಮೋರ್ಶಿ ತಾಲ್ಲೂಕುಗಳು ಕಿತ್ತಳೆಗೆ ಎಷ್ಟು ಹೆಸರಾಗಿವೆಯೋ ಅಂತರ್ಜಲ ಬರಿದಾದದ್ದಕ್ಕೂ ಅಷ್ಟೇ ಹೆಸರಾಗಿವೆ. ನೀರಿಲ್ಲದೆ ತೋಟ ಕಡಿದವರೂ ಇದ್ದಾರೆ. ಮರಕ್ಕೆ ಬಾಯಾರಿಕೆಯನ್ನು ಅಳತೆ ಮಾಡಿ ಕೊಡುತ್ತಿದ್ದ ಊರಿಗೆ ಈಗ ಅಳತೆ ತಪ್ಪಿದ ಬಾಯಾರಿಕೆ ಬಂದಿದೆ.

ತಾರಸಿಯ ಬೋನ್ಸಾಯ್‌ಗೆ ಬರೋಣ. ಇಂದು ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ತೋಟದಲ್ಲಿ ದೊಡ್ಡ ಸಂಗ್ರಹಗಳಿವೆ. ಮೈಸೂರಿನಲ್ಲಾಗಲಿ ನಾಗಪುರದಲ್ಲಾಗಲಿ ಚೆನ್ನಾಗಿ ನಿಂತಿರುವುದು ಆಲ, ಅರಳಿ, ಹುಣಸೆ, ಬಿಲ್ವ, ನೆಲ್ಲಿಗಳಂಥ ಈ ನೆಲದ ಮರಗಳೇ ಎಂಬುದು ಆಕಸ್ಮಿಕವಲ್ಲ. ಇವುಗಳ ಚಳಿಗಾಲದ ಆರೈಕೆ ಎಂದರೆ ಒಣಗಾಲದ ಆರೈಕೆ. ಆದರೆ ತೋಟದ ತಾಣವನ್ನು ಹಾಗೇ ಕುಂಡಕ್ಕೆ ತರುವಂತಿಲ್ಲ. ತೋಟದ ಮರಕ್ಕೆ ಆರು ವಾರ ಬೇಕಾದ ಒಣಗುವಿಕೆ ಎರಡು ಬೊಗಸೆ ಮಣ್ಣಿನ ಕುಂಡದಲ್ಲಿ ಎರಡು ದಿನದಲ್ಲಿ ಆಗಿ, ಮೂರನೇ ದಿನ ಗಿಡ ಸತ್ತಿರುತ್ತದೆ. ಆದ್ದರಿಂದ ಕುಂಡದಲ್ಲಿ ಬಾಯಾರಿಕೆ ಎಂದರೆ ನೀರು ನಿಲ್ಲಿಸುವುದಲ್ಲ, ಅಂತರ ಹೆಚ್ಚಿಸುವುದು. ಸಂಕ್ರಾಂತಿ ಹೊತ್ತಿಗೆ ಗೊಬ್ಬರ ನಿಲ್ಲಿಸಿ, ಮೇಲ್ಮಣ್ಣು ಒಂದು ಅಂಗುಲ ಒಣಗಿದ್ದು ಬೆರಳಿಗೆ ಗೊತ್ತಾದ ಮೇಲಷ್ಟೇ ನೀರು. ಅರಳಿ, ಬಿಲ್ವಗಳು ಫೆಬ್ರುವರಿಯಿಂದ ತಾವೇ ಎಲೆ ಬಿಡತೊಡಗುತ್ತವೆ. ಒಂದಷ್ಟು ಎಲೆ ಉಳಿಸಿಕೊಂಡು ಹಟ ಮಾಡುವ ಆರೋಗ್ಯವಂತ ಅರಳಿಗೆ ಬಾತುವಿನವರ ಉಪಾಯ: ತೊಟ್ಟಿನ ತುಣುಕು ಉಳಿಸಿ ಎಲೆ ಕತ್ತರಿಸಿಬಿಡುವುದು. ಸೊರಗಿದ ಗಿಡಕ್ಕೆ ಇದನ್ನು ಮಾಡಬಾರದು. ಕೊಂಬೆ ಬೋಳಾಗಿ ಕಾಣುವ ಆ ಹತ್ತು ಹದಿನೈದು ದಿನವೇ ಇಲ್ಲಿನ ಕೊಕುಫು. ಆಕಾರದ ಕತ್ತರಿ ಕೆಲಸ, ತಂತಿ ಸುತ್ತುವುದು ಎಲ್ಲ ಆಗಲೇ. ಅರಳಿ, ಆಲಗಳ ಗಾಯದಿಂದ ಹಾಲು ಸೋರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ಮುಲಾಮು ಹಚ್ಚಬೇಕು.

ಬೇರಿನ ವಿಷಯದಲ್ಲಿ ಮಾತ್ರ ನಾನು ಜಪಾನಿನ ಪುಸ್ತಕ ಬಿಟ್ಟು ವರಾಹಮಿಹಿರನ ಕಡೆ ನಿಲ್ಲುತ್ತೇನೆ. ಸಣ್ಣ ಸಸಿಯಾದರೆ ಶಿಶಿರದಲ್ಲಿ, ಚಿಗುರುವ ಮುಂಚೆ ಕುಂಡ ಬದಲಿಸಬಹುದು. ಕಾಂಡ ಬಲಿತ ಹಳೆಯ ಅರಳಿಯ ಬೇರನ್ನು ಮಾರ್ಚ್‌ನಲ್ಲಿ ಕತ್ತರಿಸಿದರೆ ಹೊಸ ಬೇರು ಬರುವಷ್ಟರಲ್ಲಿ 45 ಡಿಗ್ರಿ ಬಿಸಿಲು ತಾರಸಿಗೆ ಬಂದಿರುತ್ತದೆ. ಅದು ಮಿರಗದ ಮಳೆ ಎರಡು ಸಲ ಬಿದ್ದು ಗಾಳಿ ತಂಪಾಗುವವರೆಗೆ ಕಾಯಲಿ. ಅಲ್ಲಿಯವರೆಗೆ ಮಧ್ಯಾಹ್ನದ ಬಿಸಿಲಿಗೆ ನೆರಳುಬಲೆ, ಕುಂಡದ ಮೈ ಕಾಯದಂತೆ ಸುತ್ತ ಒದ್ದೆ ಗೋಣಿ, ಬೆಳಿಗ್ಗೆ ಸಂಜೆ ಎರಡು ಹೊತ್ತು ನೀರು. ಜಪಾನಿನವರು ಹಿಮದಿಂದ ಬೇರನ್ನು ಕಾಯುವ ಹಾಗೆ ಇಲ್ಲಿ ಬೇರನ್ನು ಕಾಯಬೇಕಾದದ್ದು ಮೇ ತಿಂಗಳಲ್ಲಿ.

ಮೇಪಲ್ ಬೇಕೇ ಬೇಕೆನ್ನುವವರು ಇದ್ದೇ ಇರುತ್ತಾರೆ. ಬಿಸಿ ನಾಡುಗಳಲ್ಲಿ ಕೆಲವರು ಎಲೆ ಉದುರಿದ ಗಿಡವನ್ನು ಕುಂಡದ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆರೇಳು ವಾರ ಫ್ರಿಜ್ಜಿನ ಕೆಳ ಅರೆಯಲ್ಲಿ ಇಡುತ್ತಾರೆ. ಬೇಕಾದ ಗಂಟೆಗಳು ಅಲ್ಲಿ ಸಿಗುತ್ತವೆ, ನಾಲ್ಕೈದು ಡಿಗ್ರಿಯಲ್ಲಿ ಬೆಳಕಿಲ್ಲದಿದ್ದರೂ ಬೋಳು ಗಿಡಕ್ಕೆ ತೊಂದರೆಯಿಲ್ಲ. ಮನೆಯವರು ತರಕಾರಿಯನ್ನು ಎಲ್ಲಿಡಬೇಕು ಎಂಬುದು ಬೇರೆ ಪ್ರಶ್ನೆ.